ಕ್ಯಾಮೆರಾ ಚೀಲ ಹಗುರವಾದ ದಿನ

ಗೆಳೆಯರೇ, ನಾನೆಷ್ಟು ಕುಳ್ಳ, ಎಷ್ಟು ಸಣಕಲ ಎಂಬುದು ನಿಮಗೆ ಗೊತ್ತೇ ಇದೆ. ಕ್ಯಾಮೆರಾ ಇಡುವ ಮರದ ಪೆಟ್ಟಿಗೆ ಹೊತ್ತು ಹೊತ್ತು ಭುಜ ಸೋತು, ನಿನ್ನೆ ಹಗುರವಾದೊಂದು ಕ್ಯಾನ್ವಾಸ್ ಚೀಲ ಆರಿಸಿ ತಂದೆ. ಇವತ್ತು ಬಾಗೇವಾಡಿಯ ಮದುವೆಗೆ ಅದನ್ನು ನೇತುಹಾಕಿಕೊಂಡು ಗತ್ತಿನಿಂದಲೇ ಹೋದೆ.

ಗ್ರೂಪ್ ಫೋಟೋಕ್ಕೆ ಎಲ್ಲರೂ ನಿಂತಾಗ ನೆನಪಾಯಿತು: ಇಷ್ಟು ದಿನ ನಾನು ಆ ಪೆಟ್ಟಿಗೆಯ ಮೇಲೆ ಹತ್ತಿ ನಿಂತೇ ಫೋಟೋ ತೆಗೆಯುತ್ತಿದ್ದೆ! ಮುಂದಿನ ಸಾಲಿನವರು ತಲೆಗೆ ಸುತ್ತಿದ್ದ ರುಮಾಲುಗಳ ಆಚೆ ಏನೂ ಕಾಣಲಿಲ್ಲ.

"ಹಿಂದಿನ ಸಾಲಿನವ್ರು ಕಾಣವಲ್ರು, ಹತ್ತಿ ನಿಲ್ಲಾಕ ಏನರ ಕೊಡ್ರಿ," ಎಂದೆ.

ಆಗಷ್ಟೇ ಮದುಮಗಳನ್ನು ಎತ್ತಿಕೊಂಡು ಮಂಟಪಕ್ಕೆ ತಂದಿದ್ದ ಅವಳ ಸೋದರಮಾವ ನನ್ನನ್ನೂ ಎತ್ತಿ ಹೆಗಲ ಮೇಲೆ ಕೂರಿಸಿಕೊಂಡ. "ತಗೀರಿ ಸಾಹೇಬ್ರ, ನಮ್ಮ ಹುಡುಗಿಗಿಂತ ನೀವ ಹಗೂರ ಅದೀರಿ!"

ನಮ್ಮ ಕಡೆ ಮದುವೆ ಫೋಟೋದಲ್ಲಿ ಯಾರೂ ನಗುವುದಿಲ್ಲ. ಇವತ್ತು ಮದುಮಗಳೂ ಹಲ್ಲು ಬಿಟ್ಟಳು. "ನಗ್ರಿ" ಎಂದು ಯಾರಿಗೂ ಹೇಳಬೇಕಾಗಲೇ ಇಲ್ಲ.