ಕೆಂಚನಿಗೆ ಕೊಟ್ಟ ಸೀರೆ

ಮೊನ್ನೆ ಪಕ್ಕದ ಮನೆಯವರು ಮಹಡಿಯಲ್ಲಿ ಬಟ್ಟೆ ಹರವಿದ್ದರು. ಒಗೆದ ಬಟ್ಟೆ ಘಮ್ಮೆನ್ನಲಿ ಎಂದು ಕೊನೆಯ ನೀರಿಗೆ ಹಾಕುತ್ತಾರಲ್ಲ, ಆ ನೀಲಿ ದ್ರವದ ವಾಸನೆ ಗಾಳಿಯಲ್ಲಿ ನಮ್ಮ ಅಡುಗೆಮನೆಗೇ ನುಗ್ಗಿತು. ಬೇರೆಯವರಿಗೆ ಹಿತವೆನಿಸುವ ವಾಸನೆ. ನಾನು ಮಾತ್ರ ಕಿಟಕಿ ಮುಚ್ಚಿ, ಒಲೆ ಆರಿಸಿ ಕೂತುಬಿಟ್ಟೆ. ಟಿ. ನರಸೀಪುರದ ಕಾಂಪೌಂಡರ್ ಕಣ್ಣ ಮುಂದೆ ಬಂದರು...

ನಂಜನಗೂಡಿನಲ್ಲಿ ನಾಯಿ ಸಾಕಿದ ನಮ್ಮಂಥವರಿಗೆ ರಜೆ ಬಂದರೆ ಅದೇ ತಲೆನೋವು. ನೆಂಟರು ಒಪ್ಪುವುದಿಲ್ಲ; ದುಡ್ಡು ಕೊಟ್ಟು ಬಿಡುವ ಕಡೆ ಗೂಡಿನೊಳಗೆ ಕೂಡುತ್ತಾರೆ. ಆ ವರ್ಷ ಕನ್ಯಾಕುಮಾರಿಗೆ ಹೊರಟಾಗ ಸಹೋದ್ಯೋಗಿಯೊಬ್ಬರು ಈ ಕಾಂಪೌಂಡರ ವಿಷಯ ಹೇಳಿದರು. ದನದ ಆಸ್ಪತ್ರೆಯಲ್ಲಿ ಕಾಂಪೌಂಡರಾಗಿದ್ದು ನಿವೃತ್ತರಾದವರು. ಮನೆ ಹೊಳೆದಂಡೆಯಲ್ಲಿ. ಊರಿಗೆ ಹೋಗುವವರ ನಾಯಿ, ಬೆಕ್ಕುಗಳನ್ನು ಗಂಡ ಹೆಂಡತಿ ಸೇರಿ ನೋಡಿಕೊಳ್ಳುತ್ತಿದ್ದರು.

ಫೋನಿನಲ್ಲಿ ಅವರು ಕೇಳಿದ್ದು ಒಂದೇ. "ನೀವು ಉಟ್ಟು ಬುಟ್ಟಿರೋ ಸೀರೆ ಒಂದ ತನ್ನಿ, ಮೇಡಮ್. ಒಗೀಬ್ಯಾಡಿ. ಬೆವರ್ ವಾಸ್ನೆ ಇರ್ಬೇಕು. ನಾಯಿ ಅದ್ರ ಮ್ಯಾಲೆ ತಲೆ ಇಟ್ಕಂಡು ಮನಿಕತ್ತದೆ, ನೀವ್ ಬರೋಗಂಟ."

ಅತ್ತೆಯ ಕಿವಿಗೆ ಅದು ಬಿತ್ತು. "ಉಟ್ಟ ಬಟ್ಟೆ ಕಂಡೋರ್ ಕೈಗೆ ಕೊಟ್ಟೀಯ ಕಣವ್ವ! ಮಾಟ ಮಾಡ್ಸೋರು ಕೇಳೋದೂ ಅದ್ನೇಯ," ಎಂದರು. ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಹೇಳುವವಳು. ಅವರನ್ನು ನೋಡಿ ನಕ್ಕೆ. ನಕ್ಕವಳು ಸೀದಾ ಬಚ್ಚಲಿಗೆ ಹೋಗಿ ಸೀರೆಯನ್ನು ಎರಡು ಸಲ ಒಗೆದೆ, ಆ ನೀಲಿ ದ್ರವದಲ್ಲಿ ಅದ್ದಿದೆ, ಇಸ್ತ್ರಿಯನ್ನೂ ಮಾಡಿದೆ. ಹೆದರಿಕೆಗೆ ಓದು ಬರಹ ಗೊತ್ತಿಲ್ಲ.

ನಾವು ನಮ್ಮ ನಾಯಿ ಕೆಂಚನನ್ನು ಬಿಡಲು ಹೋದ ದಿನ ಕಬಿನಿ ಕಟ್ಟೆಯಿಂದ ನೀರು ಬಿಟ್ಟಿದ್ದರು. ಹೊಳೆ ಕೆಂಪಗೆ, ಅಂಗಳದಲ್ಲಿ ನಿಂತರೂ ಸದ್ದು ಕೇಳುವಂತೆ ಹರಿಯುತ್ತಿತ್ತು. ಬೊಗಳಿ ಬೀದಿ ಎಬ್ಬಿಸುವ ಕೆಂಚ ಅಲ್ಲಿ ತುಟಿಪಿಟಕ್ಕೆನ್ನಲಿಲ್ಲ. ಬಾಲ ಮುದುರಿಕೊಂಡು ನೀರಿನ ಕಡೆಯೇ ನೋಡುತ್ತಿದ್ದ. ಕಾಂಪೌಂಡರ್ ಅವನನ್ನು ಹಗ್ಗದಲ್ಲಿ ಕಟ್ಟಿದರು. "ಹಂಬಲ ಹತ್ತಿರೋ ನಾಯೀನ ಬುಡಬಾರ್ದು, ಮನೆ ಹುಡುಕ್ಕಂಡು ಓಡೋಯ್ತದೆ. ಹೊಟ್ಟೆ ಕೆಟ್ಟಿರೋದನ್ನ ಮಾತ್ರ ಬುಡ್ಬೇಕು, ಗರಿಕೆ ಹುಡುಕಿ ತಿಂದು ಸರಿ ಮಾಡ್ಕತ್ತದೆ," ಎಂದು ಹೇಳಿಕೊಟ್ಟರು, ನಾನೇ ಶಿಷ್ಯೆ ಎಂಬಂತೆ.

ಎರಡನೇ ದಿನ ಸಂಜೆ ಸಮುದ್ರದ ದಡದಲ್ಲಿದ್ದಾಗ ಅವರ ಫೋನ್ ಬಂತು. ಕೆಂಚ ನೀರು ಕೂಡ ಮುಟ್ಟಿಲ್ಲವಂತೆ.

"ಸೀರೆ ಒಗ್ದಿದ್ರಾ ಮೇಡಮ್? ಘಮ್ ಅಂತದೆ, ಒಗ್ದವ್ರೆ ಅಂತಾಳೆ ನಮ್ಮೋಳು. ಆಸ್ಪತ್ರೆ ಫಿನಾಯಿಲ್ ವಾಸ್ನೆ ಕುಡ್ದು ಕುಡ್ದು ನನ್ ಮೂಗು ಸತ್ತೋಗದೆ, ನನ್ಗೆ ಗೊತ್ತಾಗಕಿಲ್ಲ."

ಏನು ಹೇಳಲಿ? ನೀವು ಮಾಟ ಮಾಡಿಸೀರಿ ಎಂದು ಹೆದರಿ ಒಗೆದೆ ಅನ್ನಲೇ? "ಇಲ್ಲಪ್ಪ, ಅದು ನಾನು ಹಾಕಿಕೊಳ್ಳೋ ಸೆಂಟು," ಎಂದುಬಿಟ್ಟೆ. ಮಕ್ಕಳು ಸುಳ್ಳು ಹೇಳಿದರೆ ಬೆಂಚಿನ ಮೇಲೆ ನಿಲ್ಲಿಸುವವಳು ನಾನು!

"ಹಂಗಾರೆ ಸೀರೇಲಿ ನಿಮ್ ವಾಸ್ನೆ ಅದೆ; ಹಂಬಲ ಅಲ್ಲ, ಹೊಟ್ಟೇದೇ ತೊಂದ್ರೆ. ಬೆಳಿಗ್ಗೆ ದಂಡೆ ಮ್ಯಾಲೆ ಬುಡ್ತೀನಿ," ಎಂದರು.

ಆಗಲೂ ಬಾಯಿ ಬಿಡಬಹುದಿತ್ತು. ಮಗಳು ಫೋಟೋ ತೆಗೆಯಲು ಕರೆದಳು, ಹೋದೆ...

ಮಾರನೆಯ ದಿನವೆಲ್ಲ ಅವರು ಫೋನ್ ಎತ್ತಲಿಲ್ಲ. ನೆಟ್‌ವರ್ಕ್ ಇರಲಾರದು ಎಂದುಕೊಂಡೆವು. ಅದರ ಮಾರನೆಯ ದಿನ ನಂಜನಗೂಡಿಗೆ ಮರಳಿದಾಗ ಕೆಂಚ ನಮ್ಮ ಗೇಟಿನ ಮುಂದೆ ಮಲಗಿದ್ದ. ಮೈಯೆಲ್ಲ ಕೆಸರು, ಕತ್ತಿನಲ್ಲಿ ಉದ್ದದ ಹಗ್ಗ. "ನಮಗಿಂತ ಮೊದ್ಲೇ ಬಂದವ್ನೆ ನೋಡೇ ಕಳ್ಳ!" ಎಂದು ಯಜಮಾನರು ನಕ್ಕರು. ನನಗೆ ಕೋಪ ಬಂತು. ಇಷ್ಟೇನಾ ನೋಡಿಕೊಳ್ಳೋದು, ತರಾಟೆಗೆ ತೆಗೆದುಕೊಳ್ಳುತ್ತೇನೆ ಎಂದು ಫೋನ್ ಮಾಡಿದೆ. ಎತ್ತಿದವರು ಅವರ ನೆರೆಯವರು.

ಹಗ್ಗ ಬಿಟ್ಟದ್ದೇ ಕೆಂಚ ದಂಡೆಗುಂಟ ಓಡಿದನಂತೆ. ಕಾಂಪೌಂಡರ್ ಅವನ ಹೆಸರು ಕೂಗುತ್ತ ಹಿಂದೆ ಓಡಿದರಂತೆ. ಕೆಸರಿನಲ್ಲಿ ಕಾಲು ಜಾರಿತು. ಬಟ್ಟೆ ಒಗೆಯುತ್ತಿದ್ದ ಹೆಂಗಸರು ಕಿರುಚಿದರೇ ಹೊರತು, ಆ ನೀರಿಗೆ ಇಳಿಯುವ ಧೈರ್ಯ ಯಾರಿಗಿರುತ್ತದೆ? ಸಂಗಮ ದಾಟಿ ಎಷ್ಟೋ ಕೆಳಗೆ ಹೆಣವಾಗಿ ಸಿಕ್ಕಿದರು.

ಮಣ್ಣಾದ ಮೇಲೆ ನೋಡಲು ಹೋದೆ. ಅವರ ಹೆಂಡತಿ ನನ್ನ ಕೈ ಹಿಡಿದುಕೊಂಡರು. ಹೇಳಿಬಿಡಬೇಕೆಂದೇ ಹೋಗಿದ್ದೆ, ನಂಜುಂಡೇಶ್ವರನಾಣೆಗೂ. ಅಷ್ಟರಲ್ಲಿ ಅವರೇ, "ನಾನು ನಿಮ್ ಮ್ಯಾಲೆ ಅನುಮಾನ ಪಟ್ಟೆ ಕಣಮ್ಮ. ಟೀಚರಮ್ಮೋರು ಸುಳ್ ಹೇಳ್ತಾರಾ ಅಂತ ಅವ್ರು ನನ್ನೇ ಬೈದ್ರು," ಎಂದು ಕಣ್ಣೊರೆಸಿಕೊಂಡರು. ಕಾಫಿ ಕೊಟ್ಟರು. ಪಾಪಿ, ಕುಡಿದು ಬಂದೆ.

ಇದಾಗಿ ವರ್ಷಗಳಾದವು. ಕಾಂಪೌಂಡರ ಹೆಂಡತಿ ಈಗಲೂ ಆಗಾಗ ಫೋನ್ ಮಾಡುತ್ತಾರೆ. ಹೋದ ವಾರವೂ ಮಾಡಿದ್ದರು. ಸೊಂಟನೋವು, ಮಳೆ, ಅದೂ ಇದೂ ಮಾತಾಡಿ ಕೊನೆಗೆ ಎಂದಿನಂತೆ ಕೇಳಿದರು:

"ನಾಯಿ ಹೊಟ್ಟೆನೋವು ವಾಸಿಯಾಯ್ತೇನಮ್ಮ? ಅವ್ರಿಗೆ ಅದ್ರದೇ ಯೋಚ್ನೆಯಾಗಿತ್ತು."

"ವಾಸಿಯಾಗಿದೆ," ಎಂದೆ.