ಏಳು ಕೂಗಿನ ಪಾಸ್ತಾ ಸೂಪು

ನನ್ನ ಮಾವನವರ ಹಲ್ಲುಗಳನ್ನೆಲ್ಲ ಕೀಳಿಸಿದ್ದು ಎರಡು ಸಾವಿರದ ಹದಿನಾಲ್ಕರ ಸುಮಾರಿಗೆ. ವಸಡು ವಾಸಿಯಾದ ಮೇಲೆ ಹೊಸ ಸೆಟ್ಟು ಕೂರಿಸುತ್ತೇನೆ, ಅಲ್ಲಿಯವರೆಗೆ ಮೆತ್ತಗಿನದ್ದನ್ನೇ ಕೊಡಿ ಎಂದರು ಡಾಕ್ಟರು. ಮಾವನವರೋ, ದನದ ಮಾಂಸವಿಲ್ಲದ ಊಟವನ್ನು ಆಸ್ಪತ್ರೆ ಊಟ ಎನ್ನುತ್ತಿದ್ದ ಮನುಷ್ಯ. ಆರ್.ಟಿ. ನಗರದ ನಮ್ಮ ಮನೆಯಲ್ಲಿ ನೆಲಕ್ಕೆ ಊಟದ ಬಟ್ಟೆ ದಸ್ತರಖಾನ್ ಹಾಸಿ ಎಲ್ಲರೂ ಸುತ್ತ ಕೂತರೆ, ಬಡಿಸುವವರು ಅವರೇ ಆಗಬೇಕಿತ್ತು. ಅಂಥವರು ಈಗ ರೂಮಿನಲ್ಲಿ ಒಬ್ಬರೇ ಕೂತು, ನಾನು ಒಯ್ದ ಗಂಜಿಯಲ್ಲಿ ಅರ್ಧ ಕುಡಿದು ಬಟ್ಟಲು ಸರಿಸಿಬಿಡುತ್ತಿದ್ದರು. ಎರಡು ತಿಂಗಳಲ್ಲಿ ಅಂಗಿಗಳೆಲ್ಲ ದೊಗಳೆಯಾದವು. ನನಗೆ ನಿಜಕ್ಕೂ ಹೆದರಿಕೆಯಾಯಿತು.

ಒಂದು ಭಾನುವಾರ ಹಟ ಹಿಡಿದೆ. ಇವತ್ತು ಅವರ ಹೊಟ್ಟೆಗೆ ಒಂದು ಬಟ್ಟಲು ಬೀಫ್ ಸೂಪು ಇಳಿಸದಿದ್ದರೆ ನಾನು ಈ ಮನೆ ಸೊಸೆಯೇ ಅಲ್ಲ. ಮಜ್ಜೆಯಿರುವ ಮೂಳೆ, ಎಲುಬಿಲ್ಲದ ತುಂಡು, ಜಜ್ಜಿದ ಶುಂಠಿ ಬೆಳ್ಳುಳ್ಳಿ, ಟೊಮ್ಯಾಟೊ, ಕ್ಯಾರೆಟ್, ಧಾರಾಳವಾಗಿ ಕರಿಮೆಣಸು, ಎಲ್ಲವನ್ನೂ ದೊಡ್ಡ ಕುಕ್ಕರಿಗೆ ತುಂಬಿದೆ. ಮಗಳಿಗೆ ಪ್ರಾಣವಾದ ಪಾಸ್ತಾವನ್ನು ಬೇರೆ ಬೇಯಿಸಿ ಕೊನೆಗೆ ಬೆರೆಸುವುದು, ಮಾವನವರ ಪಾಲನ್ನು ಮಾತ್ರ ಮಿಕ್ಸಿಗೆ ಹಾಕಿ ನುಣ್ಣಗೆ ಮಾಡುವುದು ಎಂದು ಲೆಕ್ಕ ಹಾಕಿಕೊಂಡು ಸ್ನಾನಕ್ಕೆ ಹೋದೆ.

ಬಂದು ನೋಡಿದರೆ ಪಾಸ್ತಾ ಪೊಟ್ಟಣ ಖಾಲಿ, ಕುಕ್ಕರ್ ಏಳನೇ ಸಲ ಕೂಗುತ್ತಿದೆ. ಪಕ್ಕದಲ್ಲಿ ನಮ್ಮ ಅತ್ತೆ ಕೆಲಸ ಮುಗಿಸಿದ ನೆಮ್ಮದಿಯಲ್ಲಿ ಕೈ ಒರೆಸಿಕೊಳ್ಳುತ್ತಿದ್ದಾರೆ. ಪಾಸ್ತಾ ಗೋಧಿಯದ್ದು ಎಂದು ಹಿಂದೊಮ್ಮೆ ನಾನೇ ಹೇಳಿದ್ದೆನಂತೆ. ಹಲೀಮ್ ಮಾಡುವಾಗ ಗೋಧಿಯನ್ನು ಮಾಂಸದ ಜೊತೆಗೇ ಬೇಯಿಸುವುದಿಲ್ಲವೇ, ಇದಕ್ಕೆ ಮಾತ್ರ ಏನು ಬೇರೆ ಕಾನೂನು ಎಂದು ನನ್ನನ್ನೇ ಕೇಳಿದರು. ನನಗೆ ಮೊದಲೇ ಮೂಗಿನ ತುದಿಯಲ್ಲಿ ಕೋಪ. ಪಿತ್ತ ನೆತ್ತಿಗೇರಿತು.

ಮುಚ್ಚಳ ತೆಗೆದರೆ ಅಯ್ಯೋ ದೇವರೇ, ಪಾಸ್ತಾ ಎನ್ನುವ ಪದಾರ್ಥದ ಗುರುತೇ ಇಲ್ಲ! ಮಾಂಸವೂ ಎಳೆಎಳೆಯಾಗಿ ಅದರಲ್ಲೇ ಕರಗಿ ಎಲ್ಲ ಒಂದೇ ಮುದ್ದೆ. ನನ್ನ ಗಂಡ ಬಗ್ಗಿ ನೋಡಿ, ಗೋಡೆಗೆ ಪೋಸ್ಟರ್ ಅಂಟಿಸಬಹುದು ಎಂದರು. ಮಗಳು ಸೌಟನ್ನು ತಲೆಕೆಳಗು ಮಾಡಿ ಹಿಡಿದಳು. ಒಂದು ತೊಟ್ಟೂ ಬೀಳಲಿಲ್ಲ. ಮೊದಲು ಅತ್ತೆ ನಕ್ಕರು, ಆಮೇಲೆ ಎಲ್ಲರೂ. ಹಾಳಾದ್ದು, ಕೋಪದಲ್ಲೂ ನನಗೆ ನಗು ತಡೆಯಲಾಗಲಿಲ್ಲ.

ಆ ಗದ್ದಲಕ್ಕೆ ಮಾವನವರು ರೂಮಿನಿಂದ ಹೊರಬಂದರು. ಟವೆಲ್ಲಿನಿಂದ ಬಾಯಿ ಮುಚ್ಚಿಕೊಂಡೇ ಕುಕ್ಕರಿನೊಳಗೆ ಇಣುಕಿದರು. ಜಾಲಹಳ್ಳಿಯ ಕಾರ್ಖಾನೆಯಲ್ಲಿ ಮೂವತ್ತು ವರ್ಷ ದುಡಿದವರು, ಮನಸ್ಸಿನ ಮಾತಾಡುವಾಗ ಮನೆಮಾತಾದ ದಖನಿ ಉರ್ದು ಬಿಟ್ಟು ಕನ್ನಡಕ್ಕೇ ಬರುತ್ತಿದ್ದರು.

"ಎಲ್ರಿಗೂ ಇದೇನಾ?"

"ಇದೇ ಅಬ್ಬಾ. ಬೇರೆ ಏನೂ ಇಲ್ಲ," ಎಂದೆ ಸಿಡುಕಿನಿಂದಲೇ.

ಅವರು ನೆಟ್ಟಗೆ ಬಂದು ದಸ್ತರಖಾನಿನ ಮುಂದೆ ತಮ್ಮ ಜಾಗದಲ್ಲಿ ಕೂತರು. ಮೊಮ್ಮಗಳ ಕೈಯಿಂದ ಸೌಟು ಇಸಿದುಕೊಂಡು ಒಬ್ಬೊಬ್ಬರಿಗೂ ಬಡಿಸಿ, ನಿಂಬೆಹಣ್ಣು ಹಿಂಡಿಕೊಂಡು, ಮೂರು ಬಟ್ಟಲು ಖಾಲಿ ಮಾಡಿದರು. ಪೋಸ್ಟರ್ ಅಂಟಿಸಹೊರಟಿದ್ದ ನನ್ನ ಗಂಡನೂ ಎರಡು ಬಟ್ಟಲು ಹೊಡೆದರು. ರುಚಿಯಂತೂ ಸುಳ್ಳು ಹೇಳಬಾರದು, ಹಲೀಮಿನ ಸ್ವಂತ ತಂಗಿಯಂತಿತ್ತು.

ಕೈ ತೊಳೆಯುವಾಗ ಮಾವನವರು ಮೆಲ್ಲಗೆ ಹೇಳಿದರು: "ಹಲ್ಲು ಹೋಗಿದ್ದಕ್ಕೆ ಬೇಜಾರಿಲ್ಲ ಬೇಟಿ. ನನಗೊಂದು ಅಡುಗೆ, ನಿಮಗೊಂದು ಅಡುಗೆ ಅಂತ ಆಯ್ತಲ್ಲ, ಅದೇ ಗಂಟಲಲ್ಲಿ ಇಳೀತಿರ್ಲಿಲ್ಲ."

ಹೊತ್ತುಹೊತ್ತಿಗೆ ಅಕ್ಕರೆಯಿಂದ ಆ ಬೇರೆ ಬಟ್ಟಲು ಒಯ್ದವಳು ನಾನೇ. ನನ್ನ ಕಣ್ಣು ತುಂಬಿತು, ಅದಕ್ಕಿಂತ ಹೆಚ್ಚಾಗಿ ಮನಸ್ಸು ತುಂಬಿತು. ಅಂದಿನಿಂದ ಅವರ ಹೊಸ ಸೆಟ್ಟು ಬರುವವರೆಗೂ ನಮ್ಮ ಮನೆಯಲ್ಲಿ ಯಾರೊಬ್ಬರೂ ಏನನ್ನೂ ಅಗಿದು ತಿನ್ನಲಿಲ್ಲ.