ಮೊರಡವ್ವನ ದನಿ

ಹುಲ್ಲಹಳ್ಳಿಯ ಗುರುಬಸಮ್ಮ ಫೋನು ಎತ್ತಿ ‘ಹಲೋ’ ಅಂದರೆ ಆ ಕಡೆಯವರು ‘ನಮಸ್ಕಾರ ಸಾ, ಅಮ್ಮಾವ್ರಿಗೆ ಕೊಡಿ’ ಅನ್ನುತ್ತಿದ್ದರು. ಮೊದಮೊದಲು ‘ನಾನೇ ಕಣ್ರೀ’ ಎಂದು ತಿದ್ದುತ್ತಿದ್ದಳು. ಬರಬರುತ್ತಾ ಅದೂ ಬೇಸರವಾಗಿ, ಫೋನು ಬಡಿದುಕೊಂಡರೆ ಗಂಡ ಸೋಮಶೇಖರ್ ಕೈಗೆ ಕೊಟ್ಟು ಎದ್ದು ಹೋಗಿಬಿಡುತ್ತಿದ್ದಳು.

ಗಂಡಹೆಂಡಿರಿಬ್ಬರೂ ಸೇರಿ ಊರಲ್ಲಿ ಹಿಟ್ಟಿನ ಮಿಲ್ಲು ನಡೆಸುತ್ತಾರೆ. ಊರ ಹೆಂಗಸರು ಸೋಮವಾರ ಸೇರುವ ಅಕ್ಕನ ಬಳಗದಲ್ಲಿ ವಚನ ಹಾಡುವವಳೆಂದರೆ ಗುರುಬಸಮ್ಮ ಎಂಬ ಮಾತು ಸುತ್ತಿನ ಊರುಗಳಲ್ಲೂ ಇತ್ತು. ಆಮೇಲೆ ಕುತ್ತಿಗೆಯಲ್ಲಿ ಗಂಟು ಕಾಣಿಸಿಕೊಂಡಿತು. ಆಪರೇಷನ್ ಮಾಡಿದರೆ ದನಿಯ ನರಕ್ಕೆ ತೊಂದರೆಯಾಗಬಹುದು ಎಂದು ಡಾಕ್ಟರು ಮೊದಲೇ ಹೇಳಿದ್ದರು. ಹಾಗೆಯೇ ಆಯಿತು. ಜೀವ ಉಳಿಯಿತು, ಕೊರಳು ಹೋಯಿತು. ಈಗ ಬಾಯಿ ತೆರೆದರೆ ಜಲ್ಲಿಯ ಮೇಲೆ ಗಾಡಿ ಎಳೆದಂಥ ಗಡಸು ಸದ್ದು.

ಆಕೆ ಅಳಲಿಲ್ಲ. ಆದರೆ ಒಂದು ಕಡೆ ಕೂರುವುದು ಮಾತ್ರ ಮರೆತುಹೋಯಿತು. ರಾಗಿ ಸುರಿದು ಮಿಲ್ಲು ಓಡುತ್ತಿರುವಾಗಲೇ ಗಂಡನಿಗೆ ಒಪ್ಪಿಸಿ ನಾಲೆ ಏರಿಯ ಮೇಲೆ ಹೊರಟುಬಿಡುವಳು. ಸೋಮವಾರದ ಬಳಗ ಬಿಟ್ಟಳು. ಹೆಂಗಸರಿಗೆ ಬಸ್ಸಿನಲ್ಲಿ ಟಿಕೆಟ್ಟಿನ ದುಡ್ಡು ಬೇಡವೆಂದಾದ ಮೇಲಂತೂ ನಂಜನಗೂಡಿಗೆ ಹೋಗಿ, ಅಲ್ಲಿಂದ ಬಸ್ಸು ಬದಲಿಸಿ ಟಿ. ನರಸೀಪುರದಲ್ಲಿರುವ ಅಕ್ಕ ಚನ್ನಾಜಮ್ಮನ ಮನೆಗೆ ಹೋಗುವಳು. ಕಾಫಿ ಲೋಟ ಕೆಳಗಿಡುವ ಮುಂಚೆಯೇ ಚಪ್ಪಲಿ ಹುಡುಕುವಳು. ಕೂತುಕೋ ಎಂದು ಅಕ್ಕ ಕೈ ಹಿಡಿದು ಎಳೆದರೂ ನಿಲ್ಲುತ್ತಿರಲಿಲ್ಲ.

ಅಂಥದೊಂದು ದಿನ ನರಸೀಪುರದ ಬಸ್ಸಿನಲ್ಲಿ ಟವಲು ಹಾಕಿ ಸೀಟು ಹಿಡಿದಿದ್ದ ಒಬ್ಬನನ್ನು ಆಕೆ ಗದರಿದಳು. ಇಡೀ ಬಸ್ಸು ತಿರುಗಿ ನೋಡಿತು. ಅವನು ತೆಪ್ಪಗೆ ಟವಲು ಹೆಗಲಿಗೆ ಹಾಕಿಕೊಂಡು ಹಿಂದಕ್ಕೆ ಸರಿದ. ಪಕ್ಕದಲ್ಲಿ ಕೂತಿದ್ದ ಹುಡುಗಿ ಮಾತ್ರ ಬಿಟ್ಟ ಕಣ್ಣು ಬಿಟ್ಟಂತೆ ನೋಡುತ್ತಲೇ ಇದ್ದಳು. ಅವಳು ಮೇಘನಾ, ನರಸೀಪುರದ ಶಾಲೆಯೊಂದರಲ್ಲಿ ಟೀಚರು. ಬಿಡುವಿನಲ್ಲಿ ಕಥೆ ಬರೆದು, ಗೆಳತಿಯರೊಂದಿಗೆ ಸೇರಿ ಓದಿ ರೆಕಾರ್ಡ್ ಮಾಡಿ, ಫೋನಿನಲ್ಲಿ ಕೇಳುವ ಹಾಗೆ ಧಾರಾವಾಹಿ ಹಾಕುತ್ತಿದ್ದಳು.

“ಆಂಟಿ, ತಪ್ಪು ತಿಳ್ಕೋಬೇಡಿ,” ಎಂದಳು. “ನನ್ನ ಕಥೇಲಿ ಒಬ್ಬ ರಾಕ್ಷಸಿ ಇದಾಳೆ. ಅವಳಿಗೆ ನಿಮ್ಮ ದನಿ ಬೇಕು.”

ಗುರುಬಸಮ್ಮನ ಮುಖ ಕಪ್ಪಿಟ್ಟಿತು. ಹುಡುಗಿ ಬಲವಂತವಾಗಿ ಕೊಟ್ಟ ನಂಬರಿನ ಚೀಟಿಯನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡು ಇಳಿದುಹೋದಳು. ಮನೆಗೆ ಬಂದರೂ ಆ ಮಾತು ಮುಳ್ಳಿನಂತೆ ಚುಚ್ಚುತ್ತಿತ್ತು. ಮೆಣಸಿನಕಾಯಿ ಹಾಕಬೇಕಾದ ಮಿಷನ್ನಿಗೆ ಅಕ್ಕಿ ಸುರಿದು ಗಂಡನ ಕೈಲಿ ಬೈಸಿಕೊಂಡಳು. ಕೊನೆಗೆ ಒಂದು ಮಧ್ಯಾಹ್ನ ತಾನೇ ಫೋನು ಮಾಡಿದಳು.

“ಆ ನಿನ್ ರಾಕ್ಷಸೀಗೆ ಮಕ್ಕಳವ್ರಾ?”

“ಇದಾರೆ ಆಂಟಿ. ತುಂಬ.”

“ಸರಿ, ಬತ್ತೀನಿ.”

ಮೇಘನಾಳ ಮನೆಯ ಮಹಡಿ ಕೋಣೆಯಲ್ಲಿ, ಹೊರಗಿನ ಸದ್ದು ಬಾರದಂತೆ ಗೋಡೆಗೆಲ್ಲ ಕಂಬಳಿ ಹೊಡೆದಿದ್ದರು. ಅಲ್ಲಿ ಕೂತು ಅವಳು ಕಥೆ ಹೇಳಿದಳು. ಬಹಳ ಹಿಂದೆ, ಯಾವ ನಕ್ಷೆಯಲ್ಲೂ ಇಲ್ಲದ ಒಂದು ನಾಡಿನಲ್ಲಿ, ಹೊಳೆಯ ಒಂದು ದಡದಲ್ಲಿ ಮನುಷ್ಯರು, ಇನ್ನೊಂದು ದಡದಲ್ಲಿ ಕಲ್ಲೊಡಲರು ಎಂಬ ದೈತ್ಯರು. ಅವರ ಮೈಯೆಲ್ಲ ಬಂಡೆ. ದಿನವೂ ಹೊಳೆಯಲ್ಲಿ ನೆನೆಯದಿದ್ದರೆ ಬಿರುಕು ಬಿಟ್ಟು ಪುಡಿಯಾಗಿಬಿಡುವರು. ಎರಡೂ ಕಡೆಯವರಿಗೆ ತಲೆತಲಾಂತರದಿಂದ ಯುದ್ಧ. ಮನುಷ್ಯರು ಕೊನೆಗೆ ಹೊಳೆಯನ್ನೇ ಬೇರೆ ಕಡೆ ತಿರುಗಿಸಿ ಗೆಲ್ಲುತ್ತಾರೆ. ಕಲ್ಲೊಡಲರ ಮಕ್ಕಳೆಲ್ಲ ತಾಯಿ ಮೊರಡವ್ವನ ಕಣ್ಣೆದುರೇ ಮಣ್ಣಾಗುತ್ತಾರೆ. ಆಗ ಅವಳು ಶಾಪ ಹಾಕಬೇಕು.

ಗುರುಬಸಮ್ಮ ಶಾಪದ ಹಾಳೆಯನ್ನು ಪಕ್ಕಕ್ಕಿಟ್ಟು, ಯುದ್ಧ ಯಾಕೆ ಶುರುವಾಯಿತು ಎಂದು ಕೇಳಿದಳು. ಬಹಳ ಹಳೆಯದಲ್ಲವೇ, ಎರಡೂ ಕಡೆಯವರಿಗೂ ಮರೆತುಹೋಗಿದೆ ಎಂದಳು ಮೇಘನಾ. ಆ ಉತ್ತರ ಗುರುಬಸಮ್ಮನಿಗೆ ಹಿಡಿಸಲಿಲ್ಲ. ಅವತ್ತು ಶಾಪ ಬಿಟ್ಟು ಮೊರಡವ್ವನ ಮಿಕ್ಕ ಮಾತುಗಳನ್ನಷ್ಟೇ ಓದಿ ಬಂದಳು.

ಊರಿಗೆ ಬಂದ ಮೇಲೆ ಕಂಡಕಂಡವರನ್ನೆಲ್ಲ ಅದೇ ಕೇಳತೊಡಗಿದಳು. ಸೋಮಶೇಖರ್ ಮಿಷನ್ನಿನ ಬೆಲ್ಟು ಸರಿಮಾಡುತ್ತಾ ತಲೆ ಎತ್ತದೆ, “ನೀರ್ಗೇ ಇರ್ಬೇಕು ಕಣಮ್ಮಿ. ಇನ್ಯಾತುಕ್ಕೆ ಬಡ್ದಾಡ್ತಾರೆ ಜನ?” ಎಂದ. ಖಾರದ ಪುಡಿ ಮಾಡಿಸಲು ಬಂದ ಹೆಂಗಸೊಬ್ಬಳು, ರಾಕ್ಷಸರು ಅಂದಮೇಲೆ ಕಾರಣ ಬೇರೆ ಬೇಕೇ ಎಂದು ನಕ್ಕಳು. ಆ ನಗು ಗುರುಬಸಮ್ಮನಿಗೆ ಎಲ್ಲೋ ನಾಟಿತು. ಮಾರನೆಯ ದಿನವೇ ನರಸೀಪುರದ ಬಸ್ಸು ಹತ್ತಿದಳು.

ಶಾಪದ ಮಾತುಗಳನ್ನು ಮೊದಲು ಹಾಳೆಯಲ್ಲಿದ್ದಂತೆಯೇ ಓದಿದಳು. ಹೊಳೆ ಬತ್ತಲಿ, ನೆಲ ಬಿರಿಯಲಿ. ನಡುವೆ ಹಾಳೆ ಕೈಜಾರಿ ಬಿತ್ತು, ಅವಳು ನಿಲ್ಲಿಸಲಿಲ್ಲ. “ನನ್ ದನಿ ಏನ್ ಮಾಡಿತ್ತು ನಿಮ್ಗೆ? ನನ್ ದನಿ ಯಾರ್ಗೆ ಏನ್ ಕೆಟ್ಟದ್ ಮಾಡಿತ್ತು?” ಎಂದು ಕೂಗುತ್ತಲೇ ಹೋದಳು. ಕಂಬಳಿ ಹೊಡೆದಿದ್ದ ಗೋಡೆಯೂ ಅದುರಿದಂತಾಯಿತು. ಆಪರೇಷನ್ ಆದಂದಿನಿಂದ ಬಾರದಿದ್ದ ಅಳು ಅಲ್ಲಿ ಬಂತು. ಮೇಘನಾ ಗಾಬರಿಯಾಗಿ ರೆಕಾರ್ಡಿಂಗ್ ನಿಲ್ಲಿಸಲು ಹೋದಾಗ ಗುರುಬಸಮ್ಮ ಅವಳ ಕೈ ಹಿಡಿದುಕೊಂಡಳು.

“ಆಫ್ ಮಾಡ್ಬ್ಯಾಡ. ಅದೂ ಇರ್ಲಿ.”

ಊರು ಮುಟ್ಟುವ ಹೊತ್ತಿಗೆ ಇದ್ದ ಗಡಸು ದನಿಯೂ ಹೂತುಹೋಗಿತ್ತು. ಡಾಕ್ಟರು ಬೈದು, ಒಂದಷ್ಟು ದಿನ ಪಿಸುಗುಟ್ಟಲೂ ಕೂಡದು ಎಂದು ಕಟ್ಟುಮಾಡಿದರು. ವಿಷಯ ತಿಳಿದು ಮೇಘನಾ ಹುಲ್ಲಹಳ್ಳಿಗೆ ಓಡಿಬಂದಳು. ಸೋಮಶೇಖರ್ ಅವಳನ್ನು ಬಾಗಿಲಲ್ಲೇ ನಿಲ್ಲಿಸಿ, ನಿಮ್ಮ ಕಥೆ ಇವಳ ಗಂಟಲಿಗಿಂತ ಹೆಚ್ಚೇ ಎಂದು ಕೇಳಿದ. ಒಳಗಿಂದ ಬಂದ ಗುರುಬಸಮ್ಮ ಗಂಡನನ್ನು ಕೈಯಿಂದ ಸರಿಸಿ, ಹುಡುಗಿಯನ್ನು ಅಡುಗೆಮನೆಗೆ ಕರೆದೊಯ್ದು ರೊಟ್ಟಿ ಹಾಕಿಕೊಟ್ಟಳು.

ದನಿ ಮೆಲ್ಲಗೆ ಮರಳಿತು, ಅದೇ ಗಡಸಾಗಿ. ಅಷ್ಟರಲ್ಲಿ ಕಥೆ ಜನರ ಫೋನುಗಳಿಗೆ ಬಂದಿತ್ತು. ಮಿಲ್ಲಿಗೆ ಬಂದವರು ಸರದಿಯಲ್ಲಿ ನಿಂತು ಅದನ್ನೇ ಕೇಳುತ್ತಿದ್ದರು. ಗುರುಬಸಮ್ಮ ಮಾತ್ರ ತನ್ನ ದನಿ ಕೇಳಿಸಿದ ಕೂಡಲೇ ನಾಲೆ ಕಡೆಗೆ ಹೋಗಿಬಿಡುತ್ತಿದ್ದಳು. ಒಂದು ದಿನ ಬಳಗದ ಹಿರಿಯಾಕೆ ಮಂಗಳಮ್ಮ ಅಲ್ಲಿಗೇ ಹುಡುಕಿಕೊಂಡು ಬಂದರು.

“ಕೇಳ್ದೆ ಕಣಮ್ಮಿ,” ಎಂದರು. “ಸೋಮವಾರ ಬಾ. ವಚ್ನ ಆಡ್ದೆ ಇದ್ರೂ ಸರಿ, ಬಂದು ಕೂತ್ಕೊ.”

ಗುರುಬಸಮ್ಮ ಹೋದಳು. ಬಾಗಿಲ ಹತ್ತಿರ ಕೂತು, ಅರ್ಧಕ್ಕೇ ಎದ್ದು ಬಂದಳು. ಮುಂದಿನ ವಾರ ಮತ್ತೆ ಹೋದಳು. ಈಗ ಉಳಿದವರು ಹಾಡುವ ಮುಂಚೆ ವಚನವನ್ನು ಒಂದು ಸಲ ಆಕೆ ಸುಮ್ಮನೆ ಓದುತ್ತಾಳೆ. ಕೆಲವರಿಗೆ ಅದು ಹಿಡಿಸುತ್ತದೆ, ಕೆಲವರು ಮುಖ ಕಿವುಚುತ್ತಾರೆ.

ಯುದ್ಧದ ಕಾರಣ ಮಾತ್ರ ತಲೆಯಿಂದ ಇಳಿದಿರಲಿಲ್ಲ. ಕಪಿಲೆಯ ಸೇತುವೆ ದಾಟುವಾಗ ಒಮ್ಮೆ ಥಟ್ಟನೆ ಏನೋ ಹೊಳೆದು, ನರಸೀಪುರದ ಶಾಲೆಯ ಬಾಗಿಲಿಗೇ ಹೋಗಿ ಮೇಘನಾಳನ್ನು ಕರೆಸಿದಳು.

“ಮೊರಡವ್ವನ್ ಮುತ್ತಜ್ಜಿ ಯಾವ್ಳೋ ಮಗೀನ ಕೂಗಿದ್ಲು ಕಣ್ ಮಗ, ಒತ್ತಾಯ್ತು ಬಾ ಅಂತ. ಅಷ್ಟೇಯ. ಒಳೆ ಆಚೆ ಇದ್ದೋರ್ಗೆ ಅದು ಗುಡುಗ್ದಂಗೆ ಕೇಳ್ತು. ಮ್ಯಾಲೆ ಬೀಳಕ್ಕೆ ಬತ್ತಾವ್ಳೆ ಅನ್ಕಂಡು ಬಾಣ ಬುಟ್ರು.”

ಮೇಘನಾ, ಯುದ್ಧಕ್ಕೂ ಮುಂಚಿನ ಕಥೆಯನ್ನು ಬರೆಯುತ್ತೇನೆ, ಆ ಕೂಗನ್ನು ನೀವೇ ಕೂಗಬೇಕು ಎಂದಳು. ಹಾಗೆಯೇ ಆಯಿತು. ಗಂಟಲಿಗೆ ನೋವಾಗದಂತೆ, ದೂರದ ಮಗುವನ್ನು ಕರೆಯುವಷ್ಟೇ ಎತ್ತರದಲ್ಲಿ ಗುರುಬಸಮ್ಮ ಕೂಗಿದಳು. ಒಂದೇ ಸಲಕ್ಕೆ ಸರಿಹೋಯಿತು.

ಅಷ್ಟಕ್ಕಾದರೂ ನೆಮ್ಮದಿ ಬಂತೇ ಎಂದರೆ, ಇಲ್ಲ. ಮೆಟ್ಟಿಲಿಳಿಯುತ್ತಿದ್ದವಳು ನಡುವೆಯೇ ನಿಂತು, ಮೊದಲ ಬಾಣ ಬಿಟ್ಟವನು ಯಾರು, ಅವನಿಗೆಷ್ಟು ಭಯವಾಗಿತ್ತೋ ಏನೋ, ಅದನ್ನೂ ಬರೆಯಬೇಕಲ್ಲವೇ ಎಂದು ಕೇಳಿದಳು. ಅದನ್ನು ಇನ್ನೊಂದು ದಿನ ನೋಡೋಣ ಎಂದಳು ಮೇಘನಾ. ಗುರುಬಸಮ್ಮ ಆಗಲಿ ಎಂದು ತಲೆಯಾಡಿಸಿದಳು. ಬಸ್ ಸ್ಟ್ಯಾಂಡಿನವರೆಗೂ ಆ ಬಾಣ ಬಿಟ್ಟವನನ್ನೇ ಯೋಚಿಸುತ್ತಾ ನಡೆದು, ನಂಜನಗೂಡಿಗೆ ಹೊರಟು ನಿಂತಿದ್ದ ಬಸ್ಸನ್ನು ನೋಡಿಯೂ ಹತ್ತದೆ, ತಿರುಗಿ ಮೇಘನಾಳ ಮನೆಯ ಕಡೆಗೇ ಹೆಜ್ಜೆ ಹಾಕಿದಳು.